ನಮ್ಮ ಅಂಗಳದ ಹಳದಿ ಬೋರ್ಡು

ಆ ಬೋರ್ಡು ಬಿರುಗಾಳಿಗೆ ಕಿತ್ತುಹೋಗಿ ಎದುರುಮನೆಯ ಹೆಂಚಿನ ಮೇಲೆ ಬೀಳಬಹುದಿತ್ತು. ಹೆಂಚು ಒಡೆದು ಒಳಗೆ ಮಲಗಿದವರ ತಲೆಯ ಮೇಲೆ ಬೀಳಬಹುದಿತ್ತು. ಹಾರಿಹೋಗದೆ ಬರೀ ವಾಲಿ ನಿಂತಿತೆನ್ನಿ, ಅದರ ತಗಡಿನ ಅಂಚು ಸೈಕಲ್ಲಿನ ಮೇಲೆ ಹೋಗುವವರ ಕಿವಿಗೆ ತಾಗಬಹುದಿತ್ತು. ಅದನ್ನು ನಿಲ್ಲಿಸಲು ಕುಣಿ ತೋಡುವಾಗ ನಳದ ಪೈಪು ಒಡೆಯಬಹುದಿತ್ತು. ಕುಣಿಯಿಂದ ಗೆದ್ದಲು ಎದ್ದು, ಕಂಬ ಹಿಡಿದು ಗೋಡೆಗೆ ಬಂದು, ಗೋಡೆ ಹಿಡಿದು ತೊಲೆಗೆ ಹತ್ತಬಹುದಿತ್ತು. ಮಳೆಗಾಲದಲ್ಲಿ ಮೇಲಿನ ವಾಯರಿನಿಂದ ಕರೆಂಟು ಇಳಿದು, ಬೋರ್ಡಿಗೆ ಮೈ ತಿಕ್ಕುತ್ತ ನಿಂತ ಯಾರದೋ ಎಮ್ಮೆ ಸತ್ತು, ಎಮ್ಮೆಯವರು ಕೋರ್ಟಿಗೆ ಹೋಗಬಹುದಿತ್ತು. ಚುನಾವಣೆ ಬಂದಾಗ ಯಾವುದೋ ಪಕ್ಷದವರು ಅದರ ಮೇಲೆ ತಮ್ಮ ಚಿತ್ರ ಅಂಟಿಸಿ, ಆ ಪಕ್ಷ ಸೋತು, ಗೆದ್ದವರು ನನ್ನನ್ನು ಬಸ್ಸೇ ಹೋಗದ ಊರಿನ ಸಾಲೆಗೆ ವರ್ಗ ಮಾಡಿಸಬಹುದಿತ್ತು. ‘ಮಾಸ್ತರಿಕೆಯ ಜೊತೆಗೆ ದಲಾಲಿಯನ್ನೂ ಮಾಡುತ್ತಾನೆ’ ಎಂದು ನನಗಾಗದವರು ಮೇಲಿನವರಿಗೆ ಅರ್ಜಿ ಬರೆಯಬಹುದಿತ್ತು. ಸಿಡಿಲಿನ ಮಾತಂತೂ ಬೇರೆಯೇ.

ಇವೆಲ್ಲವನ್ನೂ ನಾನು ಬೋರ್ಡು ನಮ್ಮ ಅಂಗಳಕ್ಕೆ ಬರುವ ಮುಂಚೆಯೇ ಯೋಚಿಸಿ ಮುಗಿಸಿದ್ದೆ. ಚಿಂತೆ ಮಾಡುವುದರಲ್ಲಿ ನಾನು ಯಾವತ್ತೂ ಕೆಲಸ ಬಾಕಿ ಇಟ್ಟವನಲ್ಲ. ಬಸ್ಸು ಹತ್ತಿದರೆ ಬ್ರೇಕು, ಇಳಿದರೆ ಚಪ್ಪಲಿಯ ಪಟ್ಟಿ, ಮನೆಗೆ ಬಂದರೆ ಗ್ಯಾಸಿನ ನಳಿಗೆ. ಸವದತ್ತಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ದಿನಾ ಬೈಲಹೊಂಗಲದಿಂದ ಹೋಗಿ ಬರುವುದು. ಕಿಟಕಿಯ ಪಕ್ಕ ಸೀಟು ಸಿಕ್ಕರೆ ಆ ದಾರಿಯಲ್ಲಿ ಚಿಂತೆ ಮಾಡಲು ಅಡ್ಡಿಯೇ ಇಲ್ಲ.

ಬೋರ್ಡು ನನ್ನ ಗೆಳೆಯನದು. ಅವನೂ ನಾನೂ ಬೈಲಹೊಂಗಲದ ಕನ್ನಡ ಸಾಲೆಯಲ್ಲಿ ಒಂದೇ ಗೋಣಿತಟ್ಟಿನ ಮೇಲೆ ಕುಳಿತು ಕಲಿತವರು. ಸಣ್ಣವನಿದ್ದಾಗ ಅವನ ಮನೆಯಲ್ಲಿ ಊಟಕ್ಕೆ ತಡವಾದರೆ ನಮ್ಮ ಮನೆಗೆ ಬಂದು ಉಂಡು ಹೋಗುತ್ತಿದ್ದ. ತಡವಾಗದಿದ್ದರೂ ಬಂದು ಉಣ್ಣುತ್ತಿದ್ದ. ನಮ್ಮವ್ವನನ್ನು ಅವನು ‘ಅವ್ವ’ ಎಂದೇ ಕರೆಯುತ್ತಿದ್ದ, ಅವಳೂ ಅವನ ಪಾಲಿನ ರೊಟ್ಟಿಯನ್ನು ಬೇರೆಯಾಗಿ ಎಣಿಸಿದವಳಲ್ಲ. ದೊಡ್ಡವನಾದ ಮೇಲೆ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಆಮೇಲೆ ಕಿತ್ತೂರಿನ ಹತ್ತಿರ ಹೆದ್ದಾರಿ ಅಗಲವಾಗತೊಡಗಿತು ನೋಡಿ, ಸವದತ್ತಿ, ರಾಮದುರ್ಗದ ಕಡೆಯವರಿಗೂ ತಮ್ಮ ಜೋಳದ ಹೊಲ ಒಮ್ಮಿಂದೊಮ್ಮೆಲೆ ಪ್ಲಾಟುಗಳಂತೆ ಕಾಣತೊಡಗಿತು. ನನ್ನ ಗೆಳೆಯ ಬಟ್ಟೆ ಅಳೆಯುವ ಗಜ ಕೆಳಗಿಟ್ಟು ಭೂಮಿ ಅಳೆಯುವ ಟೇಪು ಹಿಡಿದ. ಊರು ಅವನನ್ನು ‘ಏಜೆಂಟ್ರು’ ಅಂತ ಕರೆಯತೊಡಗಿತು.

ಅವನಂಥವರು ಊರಿನಲ್ಲಿ ಇನ್ನೂ ಹಲವರಿದ್ದರು. ಎಲ್ಲರಿಗೂ ಬೋರ್ಡಿನ ಹುಚ್ಚು. ಲೈಟಿನ ಕಂಬಕ್ಕೊಂದು, ಬೇವಿನ ಗಿಡಕ್ಕೆ ಮೊಳೆ ಹೊಡೆದು ಇನ್ನೊಂದು. ಸ್ಮಶಾನದ ಗೋಡೆಯ ಮೇಲೂ ‘ಶಾಂತ ಪರಿಸರದಲ್ಲಿ ಪ್ಲಾಟುಗಳು’ ಎಂದು ಬರೆಸಿದ್ದರು. ಕಡೆಗೆ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಬೋರ್ಡು ಕಳಚಿ ಹಣ್ಣಿನ ಗಾಡಿಯ ಮೇಲೆ ಬಿದ್ದು, ಪುರಸಭೆಯವರು ನಿಯಮ ಮಾಡಿದರು. ಆಟೋಕ್ಕೆ ಮೈಕು ಕಟ್ಟಿ ಓಣಿ ಓಣಿ ಸಾರಿದರು: ಕಂಬ, ಗಿಡ, ಗುಡಿ, ಸಾಲೆಯ ಗೋಡೆಗಳ ಮೇಲೆ ಏಜೆಂಟರ ಬೋರ್ಡು ಇರಕೂಡದು. ಹಾಕುವುದಾದರೆ ಖಾಸಗಿ ಅಂಗಳದೊಳಗೆ, ಮನೆಯವರ ಒಪ್ಪಿಗೆ ಪಡೆದು, ರಸ್ತೆಗೆ ಚಾಚದಂತೆ, ಆಳೆತ್ತರ ಮೀರದಂತೆ ಹಾಕತಕ್ಕದ್ದು. ಸಾರ್ವಜನಿಕರಿಗೆ ಅಷ್ಟೇ ಸಾರಿದ್ದು. ಏಜೆಂಟರನ್ನು ಬೇರೆಯಾಗಿ ಪುರಸಭೆಗೆ ಕರೆದು, ಕೂರಿಸಿ, ಚಹಾ ಕೊಟ್ಟು, ಉಳಿದದ್ದನ್ನು ಹೇಳಿದ್ದರಂತೆ. ಉಳಿದದ್ದು ಏನೆಂಬುದು ನನಗೆ ತಿಳಿದಾಗ ತಡವಾಗಿತ್ತು.

ಚಹಾ ಕುಡಿದು ಬಂದ ಸಂಜೆಯೇ ಗೆಳೆಯ ನಮ್ಮ ಮನೆಗೆ ಬಂದ. ಅವ್ವ ಅಂಗಳದಲ್ಲಿ ಒಣಗಿದ ಸಂಡಿಗೆ ಎತ್ತುತ್ತಿದ್ದಳು. ಅವನು ಗೇಟಿನ ಹತ್ತಿರವೇ ನಿಂತು, ಸೊಂಟದ ಮೇಲೆ ಕೈಯಿಟ್ಟು, ಗುಡಿ ಕಟ್ಟಲು ಜಾಗ ನೋಡುವವನ ಹಾಗೆ ಸುತ್ತ ನೋಡಿದ.

“ಲೇ ಮಾಸ್ತರ, ಈ ಅಂಗಳ ದೇವರು ನನಗಂತನ ಮಾಡ್ಯಾನ ನೋಡು.”

“ಯಾಕಪಾ?”

“ಸವದತ್ತಿ ಬಸ್ಸು ಇಲ್ಲೇ ತಿರಗ್ತಾವ. ತಿರಗೂ ಮುಂದ ಸಾವಕಾಶ ಆಗ್ತಾವ. ಸಾವಕಾಶ ಆದಾಗ ಮಂದಿ ಕಿಟಕ್ಯಾಗಿಂದ ಹೊರಗ ನೋಡ್ತಾರ. ನೋಡಿದಾಗ ಏನ ಕಾಣಬೇಕು ಹೇಳು?”

“ನಮ್ಮವ್ವನ ಸಂಡಗಿ.”

“ಸಂಡಗಿ ಹಿಂದ ನನ್ನ ಬೋರ್ಡ!”

ನಾನು ನನ್ನ ಪಟ್ಟಿಯನ್ನು ಶುರು ಮಾಡಿದೆ. ಗಾಳಿ, ಗೆದ್ದಲು, ಪೈಪು. ಎಮ್ಮೆಯವರೆಗೆ ಬರುವಷ್ಟರಲ್ಲಿ ಅವನು ಅವ್ವನ ಕಡೆ ತಿರುಗಿ, “ಯವ್ವಾ, ಇಂವಾ ಹುಟ್ಟೂ ಮುಂದ ಸೂಲಗಿತ್ತಿಗೆ ‘ಸಾವಕಾಶ, ಕೈ ಜಾರೀತು’ ಅಂದಿರಬೇಕಲ್ಲ?” ಎಂದ.

ಅವ್ವ ನಕ್ಕಳು. “ಅಂದಿದ್ನೋ ಏನೋ, ನನಗ ಆಗ ಎಚ್ಚರ ಎಲ್ಲಿತ್ತು? ಹಾಕ್ಕೊಳ್ಳಲಿ ಬಿಡೋ ತಮ್ಮಾ. ಅಂಗಳ ಏನ ಸವದ ಹೋಗತೈತೇನ?”

ಅಲ್ಲಿಗೆ ಮುಗಿಯಿತು. ಯಾಕೆಂದರೆ ಮನೆ ಕಾಗದದಲ್ಲಿ ನನ್ನ ಹೆಸರಿಗಿದ್ದರೂ, ಅಂಗಳ ಯಾವ ಕಾಗದದಲ್ಲೂ ಇಲ್ಲದೆ ಅವ್ವನದಾಗಿತ್ತು. ಅಪ್ಪ ಮನೆ ಕಟ್ಟಿಸುವಾಗಲೇ ಇಬ್ಬರಲ್ಲಿ ಅಂಥದೊಂದು ಒಪ್ಪಂದ ಆಗಿರಬೇಕು. ಗೋಡೆಯ ಒಳಗೆ ಅವನು, ಹೊರಗೆ ಇವಳು. ಅಂಗಳದಲ್ಲಿ ಏನು ಹಚ್ಚಬೇಕು, ಏನು ಕೀಳಬೇಕು ಎಂದು ಅವಳು ಯಾರನ್ನೂ ಕೇಳಿದ್ದು ನಾನು ಕಂಡಿಲ್ಲ. ಪೂಜೆಗೆ ಪತ್ರಿ, ಕಣಗಿಲೆ, ಅಡಿಗೆಗೆ ಕರಿಬೇವು, ಬದನೆ. ನಾನೊಮ್ಮೆ ಧಾರವಾಡದಿಂದ ಚಂದ ಕಂಡಿತೆಂದು ಬಣ್ಣದ ಎಲೆಯ ಕ್ರೋಟನ್ ತಂದು ನೆಟ್ಟಿದ್ದೆ. ಸಾಲೆಯಿಂದ ಬರುವಷ್ಟರಲ್ಲಿ ಅದು ಗೇಟಿನ ಹೊರಗೆ ಬಿದ್ದಿತ್ತು. “ತಿನ್ನಾಕ ಬರೂದಿಲ್ಲ, ಪೂಜಿಗೂ ಬರೂದಿಲ್ಲ. ಅದೇನ ನೆಂಟರೇನ ಸುಮ್ನ ಕುಂಡರಸಾಕ?” ಎಂದಿದ್ದಳು. ಆ ಅಂಗಳದಲ್ಲಿ ಅವಳ ದರ್ಬಾರು ಹಾಗೆ.

ಬೇಸಿಗೆ ಮುಗಿಯುವ ಮುಂಚೆ ಬೋರ್ಡು ಬಂತು. ಹಳದಿ ತಗಡು, ಕೆಂಪು ಅಕ್ಷರ. ‘ಯರಗಟ್ಟಿಯಲ್ಲಿ ಸುಂದರ ಪ್ಲಾಟುಗಳು’ ಎಂದು ದೊಡ್ಡದಾಗಿ, ಕೆಳಗೆ ಗೆಳೆಯನ ಫೋನು ನಂಬರು. ಮುಖ ರಸ್ತೆಯ ಕಡೆ, ಬೆನ್ನು ನಮ್ಮ ಕಡೆ. ನಾನು ಮೊದಲ ವಾರ ದಿನವೂ ಅದನ್ನು ಅಲುಗಾಡಿಸಿ ನೋಡಿದೆ. ಅದು ಅಲುಗಲಿಲ್ಲ. ಅಲುಗದ ವಸ್ತುವಿನ ಬಗ್ಗೆ ಚಿಂತೆ ಮಾಡುವುದು ನನಗೂ ಕಷ್ಟ. ಬಿಟ್ಟುಬಿಟ್ಟೆ.

ಅವ್ವ ಮಾತ್ರ ಬೋರ್ಡನ್ನು ಬಿಡಲಿಲ್ಲ. ಮೊದಲ ಮಳೆ ಬಿದ್ದ ಮೇಲೆ ಅದರ ಬುಡದಲ್ಲಿ ಹೀರೇಬೀಜ ಊರಿದಳು. ಅವು ಚಚಡಿಯ ಬೀಜ, ಅವಳ ತವರಿನವು. ಪ್ರತಿ ವರ್ಷ ಒಂದು ಹೀರೇಕಾಯಿಯನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟು, ಅದನ್ನು ಅಡಿಗೆಮನೆಯ ತೊಲೆಗೆ ನೇತುಹಾಕಿ, ಮಳೆ ಬಂದಾಗ ಇಳಿಸಿ ಬೀಜ ಉದುರಿಸಿಕೊಳ್ಳುತ್ತಿದ್ದಳು. ಮದುವೆಯಾಗಿ ಬಂದಾಗಿನಿಂದ ಹೀಗೆ ಕಾಯಿಯಿಂದ ಕಾಯಿಗೆ ನಡೆದುಬಂದ ಬೀಜ. ಅಷ್ಟು ವರ್ಷ ಅದಕ್ಕೆ ಹುಣಸೆಯ ಟೊಂಗೆ ನೆಟ್ಟು ಹಬ್ಬಿಸುತ್ತಿದ್ದವಳು, ಈಗ ಇಷ್ಟು ಗಟ್ಟಿಯಾದ ಆಧಾರ ಪುಕ್ಕಟೆ ಬಂದಿದೆಯೆಂದು ಬಹಳ ಸಂತೋಷಪಟ್ಟಳು. ಬಳ್ಳಿ ತಗಡಿನ ಬೆನ್ನ ಮೇಲೆ ಹತ್ತಿ, ನೆತ್ತಿ ದಾಟಿ, ರಸ್ತೆಯ ಕಡೆಗೆ ಇಳಿಯಿತು. ಸಂಜೆ ಹಳದಿ ತಗಡಿನ ಮೇಲೆ ಹಳದಿ ಹೂ ಅರಳುತ್ತಿದ್ದವು.

ಗೆಳೆಯ ಬಂದು ಹಣೆ ಚಚ್ಚಿಕೊಂಡ. “ಯವ್ವಾ, ನನ್ನ ನಂಬರ ಮ್ಯಾಲೆ ನಿನ್ನ ಹೀರಿಕಾಯಿ ಕುಂತೈತಲ್ಲ!”

“ಕುಂಡರವಲ್ದ್ಯಾಕ. ಫೋನ ಮಾಡಿದೋರಿಗೆ ಒಂದೊಂದ ಕಾಯಿ ಕೊಟ್ಟ ಕಳಸು.”

“ಪ್ಲಾಟ ಕೇಳಾಕ ಬಂದೋರು ಹೀರಿಕಾಯಿ ತಗೊಂಡ ಏನ ಮಾಡ್ಲಿ?”

“ಪಲ್ಯಾ ಮಾಡ್ಲಿ. ಪ್ಲಾಟಿನ್ಯಾಗ ಕುಂತ ಉಣ್ಲಿ.”

ಅವನೂ ನಕ್ಕು, ಕುಡಿಗಳನ್ನು ಬದಿಗೆ ಸರಿಸಿ, ಹೋಗುವಾಗ ಕಾಯಿ ಹರಿದುಕೊಂಡು ಹೋದ. ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಮುಂದಿನದನ್ನು ಮಾಡಿದವನು ಯಾರೋ ಹೊರಗಿನವನಲ್ಲ ಎಂಬುದು ಓದುವವರಿಗೂ ನೆನಪಿರಲಿ ಎಂದು.

ಶ್ರಾವಣ ಬಂತು. ಪಂಚಮಿ ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ. ಮದುವೆಯಾದವರೆಲ್ಲ ತವರಿಗೆ ಹೋಗುತ್ತಾರೆ, ಉಂಡಿ ತಿನ್ನುತ್ತಾರೆ, ಜೋಕಾಲಿ ಜೀಕುತ್ತಾರೆ. ನನ್ನ ಹೆಂಡತಿ ಮಕ್ಕಳನ್ನು ಕರೆದುಕೊಂಡು ತನ್ನ ತವರು ಸುರೇಬಾನಕ್ಕೆ ಮುಂಚಿತವಾಗಿಯೇ ಹೋದಳು. ರಾಮದುರ್ಗಕ್ಕೆ ಕೊಟ್ಟ ನನ್ನ ಅಕ್ಕ ನಮ್ಮ ಮನೆಗೆ ಬರುವವಳಿದ್ದಳು. ಮನೆಯಲ್ಲಿ ಅವ್ವ ಒಬ್ಬಳೇ ಶೇಂಗಾ ಹುರಿದು, ಕುಟ್ಟಿ, ಉಂಡಿ ಕಟ್ಟುತ್ತಿದ್ದಳು. ನಾನು ಮುಂಜಾನೆ ಬಸ್ಸಿಗೆ ಓಡಿ, ಸಂಜೆ ಬರುತ್ತಿದ್ದೆ.

ಆ ವಾರ ಊರಿಗೆ ಏನೋ ಆಯಿತು. ಬಸ್ಸಿನಲ್ಲಿ ಯಾವತ್ತೂ ಸೀಟು ಬಿಡದ ಹತ್ತಿ ವ್ಯಾಪಾರಿ ಎದ್ದು ನಿಂತು, “ಕುಂಡ್ರ್ರಿ ಮಾಸ್ತರ್ರ, ನೀವು ಕುಂಡ್ರ್ರಿ” ಎಂದ. ಕಟಿಂಗ್ ಅಂಗಡಿಯವ ದುಡ್ಡು ತೆಗೆದುಕೊಳ್ಳುವಾಗ, “ಆಮ್ಯಾಲ ಕೊಟ್ರ ನಡೀತೈತ್ರಿ, ನಾವೇನ ಹೊರಗಿನವ್ರೇನ?” ಎಂದ. ಒಂದು ಸಂಜೆ ಎದುರುಮನೆಯ ಕಾಳಿನ ವ್ಯಾಪಾರಿ ಬಂದು ಕುಳಿತ. ಅವ್ವ ಚಹಾ ತಂದಿಟ್ಟು ನನ್ನ ಮುಖ ನೋಡದೆ ಒಳಗೆ ಹೋದಳು.

“ಎಲ್ಲಾ ಆರಾಮ ಅದೀರೇನ್ರಿ ಮಾಸ್ತರ್ರ?”

“ಆರಾಮ ಅದೀವ್ರಿ.”

“ಮೈಯಾಗ?”

“ಮೈಯಾಗೂ ಆರಾಮ್ರಿ.”

ಅವನು ಬಹಳ ಹೊತ್ತು ಮೇಲೆ ನೋಡಿದ. “ಈ ತೊಲಿ ಸಾಗವಾನಿದೇನ್ರಿ?”

“ಹೌದ್ರಿ. ಅಪ್ಪಾರು ಅಳ್ನಾವರದಿಂದ ತರಿಸಿದ್ದು.”

“ಛಲೋ ಅದಾವ.” ಎದ್ದು ಗೋಡೆಯನ್ನು ಬೆರಳಿನಿಂದ ಬಡಿದು ನೋಡಿ, ನಿಟ್ಟುಸಿರು ಬಿಟ್ಟ. “ಮನಷಾ ಏನ ಮಾಡ್ತಾನ್ರಿ. ಎಲ್ಲಾ ಅವನ ಕೈಯಾಗ ಎಲ್ಲೈತಿ? ನೀವು ಧೈರ್ಯಾ ಬಿಡಬ್ಯಾಡ್ರಿ.”

ಅವನು ಹೋದ ಮೇಲೆ ನಾನು ತೀರ್ಮಾನಕ್ಕೆ ಬಂದೆ. ನನಗೆ ಯಾವುದೋ ದೊಡ್ಡ ರೋಗ ಬಂದಿದೆ. ಊರಿಗೆಲ್ಲ ಗೊತ್ತಾಗಿದೆ. ನನಗೊಬ್ಬನಿಗೆ ಯಾರೂ ಹೇಳುತ್ತಿಲ್ಲ. ಮರುದಿನ ಸವದತ್ತಿಯಲ್ಲಿ ಸಾಲೆ ಬಿಟ್ಟೊಡನೆ ಡಾಕ್ಟರ ಹತ್ತಿರ ಹೋಗಿ ಬಿ.ಪಿ. ನೋಡಿಸಿದೆ, ನಾಲಿಗೆ ತೋರಿಸಿದೆ, ಎದೆಯ ಮೇಲೆ ಕೊಳವೆ ಇಡಿಸಿಕೊಂಡೆ. “ಏನೂ ಆಗಿಲ್ಲ” ಎಂದರು. ಹೀಗೆ ‘ಏನೂ ಆಗಿಲ್ಲ’ ಎನ್ನುವುದು ಯಾವ ಹಂತದ ರೋಗಕ್ಕೆ ಎಂದು ಚಿಂತಿಸುತ್ತ ಮನೆಗೆ ಬಂದೆ.

ಮನೆಗೆ ಕೀಲಿ ಹಾಕಿತ್ತು. ಕೀಲಿಕೈ ಎದುರುಮನೆಯಲ್ಲಿತ್ತು. “ನಿಮ್ಮವ್ವಾರು ರಾಮದುರ್ಗಕ್ಕ ಹ್ವಾದ್ರು. ಮಗಳ್ನ ನೋಡಬೇಕು ಅನಸೇತಿ ಅಂದ್ರು,” ಎಂದರು. ಒಳಗೆ ನನಗಾಗಿ ಕಟಕ ರೊಟ್ಟಿಯ ದೊಡ್ಡ ಗಂಟು, ಶೇಂಗಾ ಚಟ್ನಿ, ಡಬ್ಬಿಯಲ್ಲಿ ಉಂಡಿ. ಎಲ್ಲವನ್ನೂ ಬಟ್ಟೆ ಮುಚ್ಚಿ ಒಪ್ಪವಾಗಿ ಇಟ್ಟಿದ್ದಳು. ಪಂಚಮಿಗೆ ಮಗಳು ತವರಿಗೆ ಬರುತ್ತಾಳೆ. ತಾಯಿಯೇ ಎದ್ದು ಮಗಳ ಮನೆಗೆ ಹೋಗುವುದನ್ನು ನಾನು ಎಲ್ಲೂ ಕೇಳಿರಲಿಲ್ಲ. ಅಡಿಗೆಮನೆಯಲ್ಲಿ ಕತ್ತೆತ್ತಿ ನೋಡಿದೆ. ಊರಿ ಮಿಕ್ಕ ಬೀಜ ಒಳಗಿದ್ದ ಕಳೆದ ಸಲದ ಒಣ ಹೀರೇಕಾಯಿಯನ್ನು ಅವಳು ಮತ್ತೆ ತೊಲೆಗೇ ನೇತುಹಾಕಿದ್ದಳು. ಈಗ ಅದು ಅಲ್ಲಿರಲಿಲ್ಲ. ಸೀರೆ ಪತ್ತಲ ಬಿಟ್ಟು ಬೀಜ ಒಯ್ದಿದ್ದಳು.

ಅಷ್ಟರಲ್ಲಿ ಫೋನು ಬಂತು. ರಾಮದುರ್ಗದಿಂದ ಅಕ್ಕ.

“ಯಾಕೋ, ಪಂಚಮಿಗೆ ನನಗ ತವರ ಇಲ್ಲದಂಗ ಮಾಡಿದೆಲ್ಲ? ಮನಿ ಮಾರೂ ಮುಂದ ನನ್ನ ಕೇಳೂದು ಬ್ಯಾಡ, ಅವ್ವಗರ ಒಂದ ಮಾತ ಹೇಳಬೇಕಿಲ್ಲೋ?”

“ಯಾವ ಮನಿ?”

“ಯಾವ ಮನಿ ಅಂತ ಕೇಳ್ತಿ! ಅಂಗಳದಾಗ ಬೋರ್ಡ ನಿಂದರಸೀದಿ, ನನಗ ಕೇಳ್ತಿ ಯಾವ ಮನಿ ಅಂತ!”

ಫೋನು ಹಾಗೆಯೇ ಬಿಟ್ಟು ಗೇಟಿನ ಹೊರಗೆ ಓಡಿದೆ. ದಿನಾ ಕಾಣುವುದನ್ನು ಯಾರು ಓದುತ್ತಾರೆ? ಹಳದಿ ತಗಡು, ಕೆಂಪು ಅಕ್ಷರ ಎಂದಷ್ಟೇ ನನ್ನ ಕಣ್ಣಿಗೆ ಗೊತ್ತು. ಅಂದು ಓದಿದೆ. ಯರಗಟ್ಟಿ ಇರಲಿಲ್ಲ. ಹೊಸ ಬಣ್ಣದಲ್ಲಿ ‘ಈ ಮನೆ ಮಾರಾಟಕ್ಕಿದೆ’ ಎಂದಿತ್ತು. ಕೆಳಗೆ ಅದೇ ನಂಬರು. ಹೀರೇಬಳ್ಳಿಯನ್ನು ಯಾರೋ ಜೋಪಾನವಾಗಿ ಬದಿಗೆ ಸರಿಸಿ ದಾರ ಕಟ್ಟಿದ್ದರು.

ನಮ್ಮ ಕಡೆ ಮನೆ ಮಾರುವುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಾರುವ ಹಿಂದಿನ ದಿನದವರೆಗೂ ಗೋಡೆಗೆ ಸುಣ್ಣ ಬಳಿಯುತ್ತಾರೆ. ಕೊಳ್ಳುವವನು ನೆಂಟನ ಹಾಗೆ ಬಂದು, ನೆಂಟನ ಹಾಗೆ ಉಂಡು, ಹೋಗುವಾಗ ಮನೆ ನೋಡಿಕೊಂಡು ಹೋಗುತ್ತಾನೆ. ಅಂಥದ್ದರಲ್ಲಿ ಅಂಗಳದಲ್ಲಿ ಬೋರ್ಡು ಹಾಕಿದ್ದಾರೆಂದರೆ ಆ ಮನೆ ಮುಳುಗಿದೆ, ಮುಚ್ಚಿಡುವ ಶಕ್ತಿಯೂ ಉಳಿದಿಲ್ಲ ಎಂದೇ ಅರ್ಥ. ಊರಿನವರು ನನ್ನನ್ನು ಮಾತಾಡಿಸಿದ್ದಲ್ಲ, ಸಾವಿನ ಮನೆಗೆ ಬಂದವರ ಹಾಗೆ ಕುಳಿತು ಹೋಗಿದ್ದು. ಅವ್ವ ಅವರಿಗೆಲ್ಲ ಚಹಾ ಮಾಡಿ ಕೊಟ್ಟಿದ್ದಳು.

ಗೆಳೆಯ ಕಿತ್ತೂರಿನ ಸೈಟಿನ ಮೇಲಿದ್ದಾನೆಂದು ತಿಳಿದು ಮರುದಿನ ಸಾಲೆಗೆ ರಜೆ ಹಾಕಿ ಅಲ್ಲಿಗೆ ಹೋದೆ. ಹೊಲದಲ್ಲಿ ಬಿಳಿ ಕಲ್ಲು ನೆಟ್ಟು, ಗಿರಾಕಿಯೊಬ್ಬನಿಗೆ ಬರಿಗಾಳಿಯಲ್ಲಿ ಕೈಯಾಡಿಸಿ ಗಾರ್ಡನ್ನು, ಗುಡಿ ಎಲ್ಲ ತೋರಿಸುತ್ತಿದ್ದ. ನನ್ನನ್ನು ಕಂಡು ಗಿರಾಕಿಯನ್ನು ‘ಗಾರ್ಡನ್ನಿನಲ್ಲಿ’ ನಿಲ್ಲಿಸಿ ಬಂದ.

“ಲೇ, ಏನ ಮಾರಿ ಇದು! ಯಾರರ ಸತ್ತಾರೇನ?”

“ನನ್ನ ಮನಿ ಯಾರ ಮಾರಾಕತ್ತಾರ?”

“ಓ ಅದಾ!” ಎಂದು ನಕ್ಕ. “ಯಾಂವ ಮಾರ್ತಾನಲೇ? ಬರೀ ಬಣ್ಣ ಅದು. ರೂಲ ಹಂಗೈತಿ. ಅಂಗಳದಾಗಿನ ಬೋರ್ಡಿನ್ಯಾಗ ಆ ಜಾಗಾದ್ದ ಸುದ್ದಿ ಅಷ್ಟ ಬರೀಬೇಕಂತ, ಬ್ಯಾರೆ ಊರಿಂದು ಬರದ್ರ ಕಿತಗೊಂಡ ಹೋಗ್ತಾರಂತ. ನೋಡಾಕ ಬರ್ತಾರ ಅಂತ ಸುದ್ದಿ ಬಂತು, ಅದಕ್ಕ ನಾಕ ಅಕ್ಷರ ಬದಲ ಮಾಡಿಸಿದೆ. ನಂಬರ ನಂದ ಐತೆಲ್ಲ? ಫೋನ ಬಂತಂದ್ರ, ‘ಆ ಮನಿ ಹೋತ್ರಿ, ಯರಗಟ್ಟ್ಯಾಗ ಮಸ್ತ ಪ್ಲಾಟ ಅದಾವ ಬರ್ರಿ’ ಅಂತೇನಿ. ನಿನಗೇನ ಹಾನಿ?”

“ನನಗ ಒಂದ ಮಾತ ಹೇಳಬೇಕಿಲ್ಲೇನ?”

“ನಿನಗ ಹೇಳಿದ್ರ ನೀ ಹೂಂ ಅಂತಿದ್ದೇನ? ಎಮ್ಮಿ ಸತ್ತೀತು, ಕೋರ್ಟ ಆದೀತು ಅಂತಿದ್ದಿ.”

ನನ್ನ ಚಿಂತೆಗಳನ್ನು ನಾನೇ ಗೇಲಿ ಮಾಡಿಕೊಳ್ಳುತ್ತೇನೆ, ಅದು ನನ್ನ ಹಕ್ಕು. ಅವುಗಳ ಹಿಂದೆ ಅಡಗಿ ನಿಲ್ಲುವ ಹಕ್ಕು ಅವನಿಗಿರಲಿಲ್ಲ.

“ಅವ್ವ ನಿನ್ನ ಕೇಳಿದ್ಲೇನ?”

ಅವನು ಗಿರಾಕಿಯ ಕಡೆ ನೋಡಿದ, ಬಿಳಿ ಕಲ್ಲಿನ ಕಡೆ ನೋಡಿದ. ಆಮೇಲೆ ಹೇಳಿದ. ಬಣ್ಣದವನು ಬಂದ ದಿನ ಅವ್ವ ಅವನಿಗೆ ನೀರು ಕೊಟ್ಟು, ಹಳೆಯ ಅಕ್ಷರ ಮಾಸಿದ್ದಕ್ಕೆ ಮತ್ತೆ ತಿದ್ದಲು ಬಂದಿದ್ದಾನೆಂದು ತಿಳಿದು, ಅವನು ಬರೆಯುವಷ್ಟು ಹೊತ್ತೂ ತಾನೇ ಬಳ್ಳಿಯನ್ನು ಎತ್ತಿ ಹಿಡಿದುಕೊಂಡು ನಿಂತಿದ್ದಳಂತೆ. ಅವ್ವನಿಗೆ ಓದು ಬರುತ್ತಿರಲಿಲ್ಲ. ಆಮೇಲೆ ಪುರಸಭೆಯವನು ಪರೀಕ್ಷೆಗೆ ಬಂದ. ಗೆಳೆಯನೂ ಜೊತೆಗಿದ್ದ. ಪುರಸಭೆಯವನು ಗಟ್ಟಿಯಾಗಿ ‘ಈ ಮನೆ ಮಾರಾಟಕ್ಕಿದೆ’ ಎಂದು ಓದಿ, “ಹಾಂ, ಈಗ ಸರಿ ಐತಿ,” ಎಂದ. ಬದನೆಗೆ ನೀರು ಹಾಕುತ್ತಿದ್ದ ಅವ್ವ ಚರಿಗೆ ಕೆಳಗಿಟ್ಟು ಬಂದು, ಗೆಳೆಯನನ್ನು ಕೇಳಿದಳು. ಏನಂದ್ರಪಾ ಅವರು? ಖರೇನ?

“ನೀ ಏನಂದಿ?”

“ಆ ಮನಷಾ ಬಾಜೂಕ ನಿಂತಿದ್ದಲೇ. ಇಲ್ಲ ಅಂದಿದ್ರ ಅಲ್ಲೇ ಬೋರ್ಡ ಹೋಗ್ತಿತ್ತು, ಮ್ಯಾಲೆ ದಂಡ. ನಾ ಏನ ಅನಬೇಕಿತ್ತು?”

“ಏನಂದಿ ಹೇಳು.”

“ಹೌದವ್ವಾ ಅಂದೆ. ‘ನಿನ್ನ ಮಗಾನ ಹೇಳ್ಯಾನ, ನಿನಗ ಹೇಳಾಕ ಅವಗ ಬಾಯಿ ಬರವಲ್ದು’ ಅಂದೆ. ಆಮ್ಯಾಲ ಬಂದ ಸಮಝಾಯಿಸಿ ಹೇಳಬೇಕಂತನ ಇದ್ದೆ. ಈ ಗದ್ದಲದಾಗ ಆಗಲಿಲ್ಲ. ಏ, ಅವ್ವ ಏನ ತಿಳಕೊಳ್ಳಾಕಿಲ್ಲ ಬಿಡಲೇ.”

‘ಹೌದು’ ಎನ್ನುವುದಷ್ಟೇ ಆಗಿದ್ದರೆ ಹೆದರಿ ಅಂದ ಎಂದುಕೊಳ್ಳುತ್ತಿದ್ದೆನೇನೋ. ಎರಡನೆಯ ಮಾತನ್ನು ಯಾರೂ ಕೇಳಿರಲಿಲ್ಲ. ಅದನ್ನು ಅವನು ತಾನಾಗಿಯೇ ಸೇರಿಸಿದ್ದ. ಅದು ನಂಬುವ ಮಾತು ಎಂಬುದೇ ಅದರ ವಿಷ. ಹೇಳಲು ಬಾಯಿ ಬಾರದವನು ನಾನು ಎನ್ನುವುದು ಊರಿಗೆಲ್ಲ ಗೊತ್ತು. ನನ್ನನ್ನು ಅಷ್ಟು ಚೆನ್ನಾಗಿ ಬಲ್ಲವನು ಮಾತ್ರ ಅಂಥ ಸುಳ್ಳನ್ನು ಹೆಣೆಯಬಲ್ಲ.

ಬರುವಾಗ ಪುರಸಭೆಗೆ ಹೋದೆ. ಬೋರ್ಡುಗಳನ್ನು ನೋಡಿಕೊಳ್ಳುತ್ತಿದ್ದವನು ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟ. ನಾನು ಮನೆ ಮಾರುತ್ತಿಲ್ಲ, ಬೋರ್ಡನ್ನು ತೆಗೆಯುತ್ತೇನೆ ಎಂದೆ. “ತಗೀರಿ ಸರ. ಮಾಲಕರು ಬ್ಯಾಡ ಅಂದ್ರ ಮುಗೀತು,” ಎಂದ. ನನ್ನ ಗೆಳೆಯನಿಗೆ ಈ ನಿಯಮ ಆಮೇಲೆ ತಿಳಿದಿರಬೇಕು, ಪಾಪ, ಗಾಬರಿಯಿಂದ ಹೀಗೆ ಮಾಡಿದ್ದಾನೆ ಎಂದೆ. ಅಷ್ಟಾದ ಮೇಲೂ ಅವನ ಪರ ವಹಿಸಿ ಮಾತಾಡಿದೆ, ನೋಡಿ.

“ಆಮ್ಯಾಲ ಎಲ್ಲೀದ್ರಿ ಸರ? ಏಜೆಂಟರ್ನ ಕರದಿದ್ವೆಲ್ಲ, ಅವತ್ತ ಹೇಳೇವಿ. ನಿಮ್ಮ ದೋಸ್ತರು ಮುಂದಿನ ಸಾಲಿನ್ಯಾಗ ಕುಂತಿದ್ರು. ಅವರ ಎದ್ದ ನಿಂತ ಕೇಳಿದ್ರು, ‘ಗೆಳೆಯರ ಅಂಗಳದಾಗ ಯರಗಟ್ಟಿ ಪ್ಲಾಟಿಂದು ಹಾಕಿದ್ರ ನಡೀತೈತೇನ್ರಿ?’ ಅಂತ. ನಡಿಯೂದಿಲ್ರಿ ಅಂದ್ವಿ.”

ಅಂದರೆ ಆ ಸಂಜೆ ಸೊಂಟದ ಮೇಲೆ ಕೈಯಿಟ್ಟು ನಮ್ಮ ಗೇಟಿನಲ್ಲಿ ನಿಂತಾಗಲೇ ಅವನಿಗೆ ಗೊತ್ತಿತ್ತು. ನಾನು ಎಮ್ಮೆಯ ಬಗ್ಗೆ ಹೇಳುತ್ತಿದ್ದಾಗ, ಅವ್ವ ‘ಅಂಗಳ ಸವದ ಹೋಗತೈತೇನ’ ಎಂದಾಗ, ಅವನು ನಗುತ್ತಿದ್ದಾಗ. ಹೀರೇಕಾಯಿ ಹರಿದುಕೊಂಡು ಹೋದಾಗಲೂ. ಇಂದಲ್ಲ ನಾಳೆ ಯಾರಾದರೂ ಪರೀಕ್ಷೆಗೆ ಬರುತ್ತಾರೆ, ಆಗ ಏನು ಬರೆಸಬೇಕೆಂಬುದನ್ನೂ ಅವನು ಆಗಲೇ ಯೋಚಿಸಿಟ್ಟಿರಬೇಕು. ಮುಂದಾಲೋಚನೆಯಲ್ಲಿ ನನ್ನನ್ನು ಮೀರಿಸಿದವನು ಆ ಊರಿನಲ್ಲಿ ಅವನೊಬ್ಬನೇ.

ಮನೆಗೆ ಬಂದು ಹಾರೆ ತೆಗೆದುಕೊಂಡು ಬೋರ್ಡಿನ ಬುಡ ಅಗೆದೆ. ಕಾಳಿನ ವ್ಯಾಪಾರಿ ಓಡಿಬಂದು ಕೈ ಹಚ್ಚಿದ. “ಯಾಕ್ರಿ ಮಾಸ್ತರ್ರ, ರೇಟ ಹೊಂದಲಿಲ್ಲೇನ್ರಿ?” ಎಂದು ಬಹಳ ಕಕ್ಕುಲಾತಿಯಿಂದ ಕೇಳಿದ. ತಗಡು ಕಿತ್ತು ಬರುವಾಗ ಹೀರೇಬಳ್ಳಿಯೂ ಬುಡಸಹಿತ ಬಂತು. ಅದರ ಕುಡಿಗಳು ತಗಡಿನ ಮೂಲೆಯನ್ನು ಸುತ್ತಿಕೊಂಡಿದ್ದು ಬಿಡಿಸಲಾಗಲಿಲ್ಲ. ಮತ್ತೆ ಮಣ್ಣಿಗಿಟ್ಟು, ಕೋಲು ನೆಟ್ಟು, ನೀರು ಹಾಕಿದೆ. ಮರುದಿನವೇ ಜೋತುಬಿತ್ತು.

ರಾಮದುರ್ಗಕ್ಕೆ ಹೋದಾಗ ಅವ್ವ ಅಕ್ಕನ ಮನೆಯ ಪಡಸಾಲೆಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಅಕ್ಕ ನನ್ನನ್ನು ಬಯ್ಯಲು ಬಾಯಿ ತೆರೆದಳು. ನಾನು ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಅಕ್ಕ ತೆರೆದ ಬಾಯಿಂದ ಅವನನ್ನು ಬೈದಳು. ಅವ್ವ ಶೇಂಗಾ ಸುಲಿಯುತ್ತಲೇ ಕೇಳಿಸಿಕೊಂಡಳು.

“ನನ್ನ ಒಂದ ಮಾತ ಕೇಳಬಾರದಿತ್ತೇನವ್ವಾ?”

“ನಿನಗ ತ್ರಾಸ ಆದೀತು ಅಂತ ಕೇಳಲಿಲ್ಲ. ಮನಿ ಬಿಡೂ ವ್ಯಾಳ್ಯಾದಾಗ ಮುದಿಕಿ ಎದರಿಗೆ ಕುಂತ್ರ ನಿನಗ ಇನ್ನಷ್ಟ ತ್ರಾಸು. ಅದಕ್ಕ ಬಂದ್ಬಿಟ್ಟೆ.”

“ನಾ ಹಂಗ ಮಾಡ್ತೇನಿ ಅಂತ ಹೆಂಗ ನಂಬಿದಿ?”

ಅವ್ವ ನನ್ನನ್ನು ವಿಚಿತ್ರವಾಗಿ ನೋಡಿದಳು. “ಅಂವಾ ಹೇಳಿದ್ನಲ್ಲೋ ಯಪ್ಪಾ. ನಮ್ಮ ಮನ್ಯಾಗ ಉಂಡ ಬೆಳದಾಂವ. ಅಂವಾ ಯಾಕ ಸುಳ್ಳ ಹೇಳ್ತಾನ?”

ಅಕ್ಕನನ್ನೂ ಕರೆದುಕೊಂಡು ಮೂವರೂ ಬೈಲಹೊಂಗಲಕ್ಕೆ ಬಂದೆವು. ಪಂಚಮಿ ಆಯಿತು, ಜೋಕಾಲಿ ಕಟ್ಟಿದೆವು, ಹಗ್ಗ ಹರಿದೀತೇ ಎಂದು ನಾನು ಮತ್ತೆ ಮತ್ತೆ ಗಂಟು ನೋಡಿದೆ. ಹೆಂಡತಿ ಸುರೇಬಾನದಿಂದ ಬಂದು ಎಲ್ಲವನ್ನೂ ಕೇಳಿ, “ನಾ ಇದ್ದಿದ್ರ ಬಣ್ಣದವನ ಕೈಯಾಗಿನ ಡಬ್ಬಿ ಅವನ ತಲಿ ಮ್ಯಾಲೆ ಸುರೀತಿದ್ದೆ ನೋಡ್ರಿ,” ಎಂದಳು. ಊರು ಕೂಡ ನಿಧಾನಕ್ಕೆ ನಂಬಿತು. ಬಸ್ಸಿನಲ್ಲಿ ಹತ್ತಿ ವ್ಯಾಪಾರಿ ಮತ್ತೆ ಸೀಟು ಬಿಡದಾದ.

ಗೆಳೆಯ ಮನೆಗೆ ಬರಲಿಲ್ಲ. ಅವ್ವನಿಗೆ ಸಮಝಾಯಿಸಿ ಹೇಳಲೂ ಬರಲಿಲ್ಲ. ಬಜಾರಿನಲ್ಲಿ ಎದುರಾದರೆ ಮೋಟರ್‌ಸೈಕಲ್ಲಿನ ಮೇಲಿಂದಲೇ ಮೊದಲಿನ ಹಾಗೆ ಕೈ ಎತ್ತುತ್ತಿದ್ದ. ಒಮ್ಮೆ ನಿಲ್ಲಿಸಿ, “ಏನಽ ಅನ್ನಲೇ ಮಾಸ್ತರ, ನಿನ್ನ ಬೋರ್ಡಿಂದ ನನಗ ಛಲೋ ಆತು,” ಎಂದ. ‘ನಿನ್ನ ಬೋರ್ಡು’ ಅಂದ. ಅವನಿಗೆ ನಿಜವಾಗಿಯೂ ಏನೂ ಆಗಿರಲಿಲ್ಲ. ಜಗಳವಾಡಿದ್ದರೆ ಒಂದು ದಿನ ಮುಗಿಯುತ್ತಿತ್ತೇನೋ. ಆಗಿದ್ದೇನೆಂದೇ ತಿಳಿಯದವನ ಜೊತೆ ಜಗಳವನ್ನಾದರೂ ಹೇಗೆ ಆಡುವುದು? ಅವನ ಬೋರ್ಡುಗಳು ಬೇರೆ ಬೇರೆ ಅಂಗಳಗಳಲ್ಲಿ ಎದ್ದವು. ಆ ಮನೆಗಳ ಮುಂದೆ ಹಾಯುವಾಗ, ಒಳಗಿನವರು ಅದನ್ನು ಓದಿದ್ದಾರೆಯೇ ಎಂದು ನಾನು ಇಣುಕಿ ನೋಡುತ್ತಿದ್ದೆ.

ಹಾಗೆ ನೋಡಿದರೆ ನಾನು ಹೆದರಿದ್ದು ಒಂದೂ ಆಗಲಿಲ್ಲ. ಹೆಂಚು ಒಡೆಯಲಿಲ್ಲ, ಗೆದ್ದಲು ಏಳಲಿಲ್ಲ, ಎಮ್ಮೆ ಸಾಯಲಿಲ್ಲ. ನನ್ನ ವರ್ಗವೂ ಆಗಲಿಲ್ಲ. ಮನೆ ಇಂದಿಗೂ ನಮ್ಮದೇ.

ಮರುವರ್ಷ ಮುಂಗಾರಿನ ಮೊದಲ ಮಳೆ ಬಂದು ನಿಂತಿತ್ತು. ಬೋರ್ಡಿನ ಕುಣಿ ಮುಚ್ಚಿದ ಕಡೆ ಮಣ್ಣು ಮೆತ್ತಗಾಗಿ ಸ್ವಲ್ಪ ಕುಸಿದಿತ್ತು. ನಾನು ಕಟ್ಟೆಯ ಮೇಲೆ ಪೇಪರು ಓದುತ್ತ ಕುಳಿತಿದ್ದೆ. ಅವ್ವ ಒಳಗಿನಿಂದ ಬಂದಳು. ಸೆರಗಿನ ತುದಿಯಲ್ಲಿ ಚಚಡಿಯ ಬೀಜದ ಗಂಟು ಇತ್ತು. ಅಂಗಳಕ್ಕೆ ಇಳಿಯುತ್ತಾಳೆಂದು ನಾನು ಕಾಲು ಸರಿಸಿ ದಾರಿ ಬಿಟ್ಟೆ. ಅವಳು ಇಳಿಯಲಿಲ್ಲ. ಹೊಸ್ತಿಲಿನಲ್ಲೇ ನಿಂತು, ಗಂಟನ್ನು ಬೆರಳಿನಲ್ಲಿ ಆಡಿಸುತ್ತ ಕೇಳಿದಳು:

“ಯಪ್ಪಾ, ಇಲ್ಲಿ ಹೀರಿಬೀಜ ಹಾಕಲೇನ?”